ಬೆಳಕಿನ ಫೈಲು ಊರಿಂದ ಊರಿಗೆ ಹೋಗುವಾಗ

1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದ್ದು ನಮ್ಮ ತುಮಕೂರು ಜಿಲ್ಲೆಯಲ್ಲಿ. ಕಂಪನಿ ನಾಟಕದವರು ಕ್ಯಾಂಪ್ ಬದಲಾಯಿಸಿದರೆ ಪರದೆ, ಸೀನರಿ, ದೀಪ ಎಲ್ಲವೂ ಜೊತೆಯಲ್ಲೇ ಹೋಗುತ್ತಿದ್ದವು. ನಮ್ಮಂಥ ಹವ್ಯಾಸಿ ತಂಡಗಳಿಗೆ ಆ ತಾಕತ್ತು ಇಲ್ಲ. ದೀಪಗಳು ರಂಗಮಂದಿರದವು ಇಲ್ಲವೇ ಬಾಡಿಗೆಯವು, ಅವನ್ನು ನಿಯಂತ್ರಿಸುವ ಕಂಪ್ಯೂಟರಿನಂಥ ಕನ್ಸೋಲ್ ಕೂಡ ಹಾಗೆಯೇ. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಆಡಿದ ನಾಟಕ ಮುಂದಿನ ವಾರ ಕೋಲಾರದ ಚನ್ನಯ್ಯ ರಂಗಮಂದಿರಕ್ಕೆ ಹೊರಟರೆ, ಬೆಳಕಿನ ಕಡೆಯಿಂದ ನಮ್ಮ ಜೊತೆ ಬರುವುದು ಒಂದು ಫೈಲು ಮಾತ್ರ: ಯಾವಾಗ ಯಾವ ದೀಪ ಎಷ್ಟು ಬೆಳಗಬೇಕು ಎಂದು ಕನ್ಸೋಲಿನಲ್ಲಿ ಬರೆದು ಉಳಿಸಿದ್ದು. ನಟರ ತಾಲೀಮಿಗೆ ಕೊಡುವಷ್ಟೇ ಶ್ರದ್ಧೆಯನ್ನು ಅದಕ್ಕೂ ಕೊಡಬೇಕು ಎಂಬುದು ನನ್ನ ಪಟ್ಟು. ನಮ್ಮ ತಂಡಕ್ಕೆ ಬೆಳಕು ಕಲಿಯಲು ಬರುವ ಹುಡುಗ ಹುಡುಗಿಯರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೊರಡುವ ಮೊದಲು ಆ ಊರಿನ ರಂಗಮಂದಿರಕ್ಕೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಕನ್ಸೋಲ್ ಯಾವುದು, ಅದರ ಸಾಫ್ಟ್‌ವೇರ್ ಆವೃತ್ತಿ ಎಷ್ಟು? ಇಟಿಸಿ ಕಂಪನಿಯ ಇಯಾಸ್ ಕನ್ಸೋಲಿನಲ್ಲಿ ಮಾಡಿದ ಫೈಲನ್ನು ಅವೊಲೈಟ್ಸ್ ಎಂಬ ಬೇರೆ ಕಂಪನಿಯ ಕನ್ಸೋಲ್ ಓದುವುದಿಲ್ಲ. ಒಂದೇ ಕಂಪನಿಯದಾದರೂ ಹೊಸ ಆವೃತ್ತಿಯಲ್ಲಿ ಉಳಿಸಿದ್ದು ಹಳೆಯದರಲ್ಲಿ ತೆರೆಯದೇ ಹೋಗಬಹುದು. ಇಯಾಸ್‌ನ ಮೂರನೆಯ ಆವೃತ್ತಿಯ ಫೈಲು ಎರಡನೆಯದರಲ್ಲಿ ತೆರೆಯುವುದೇ ಇಲ್ಲ. ಇದು ಮೊದಲೇ ಗೊತ್ತಾದರೆ ಮನೆಯಲ್ಲೇ ಕುಳಿತು ಲ್ಯಾಪ್‌ಟಾಪಿನಲ್ಲಿ ಬೇರೆ ಫೈಲು ಕಟ್ಟಿಕೊಳ್ಳಬಹುದು. ಇಯಾಸ್ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ದೀಪ ಹೊತ್ತಿಸಲು ಅದಕ್ಕೆ ದುಡ್ಡು ಕೊಟ್ಟು ಕೊಳ್ಳುವ ಬೇರೆ ಕೀ ಬೇಕು, ಕ್ಯೂ, ಅಂದರೆ ಒಂದೊಂದು ಬೆಳಕಿನ ಬದಲಾವಣೆ, ಬರೆದಿಟ್ಟುಕೊಳ್ಳಲು ಬೇಡ. ಏನೇ ಇರಲಿ, ಕ್ಯೂ ಪಟ್ಟಿಯನ್ನು ಕಾಗದದ ಮೇಲೂ ಇಟ್ಟುಕೊಳ್ಳಿ: ಕ್ಯೂ ಸಂಖ್ಯೆ, ಯಾವ ಮಾತಿಗೆ ಒತ್ತಬೇಕು, ಎಷ್ಟು ಸೆಕೆಂಡಿನಲ್ಲಿ ಏರಬೇಕು, ರಂಗದ ಮೇಲೆ ಏನು ಕಾಣಬೇಕು. ಕಾಗದವನ್ನು ಯಾವ ಕನ್ಸೋಲ್ ಮುಂದೆ ಕುಳಿತರೂ ಓದಬಹುದು.

ಹೆಸರಿನ ವಿಷಯ. ‘ಫೈನಲ್’, ‘ಫೈನಲ್ 2’, ‘ಹೊಸ ಫೈನಲ್’ ಎಂದು ಇಟ್ಟರೆ ಪ್ರದರ್ಶನದ ಸಂಜೆ ಯಾವುದನ್ನು ತೆರೆಯಬೇಕೆಂದು ಯಾರಿಗೂ ತಿಳಿಯುವುದಿಲ್ಲ. ನಾಟಕದ ಹೆಸರು, ಊರು, ದಿನಾಂಕ, ಕೆಲಸದ ಹಂತ ಇವಿಷ್ಟನ್ನು ಇದೇ ಕ್ರಮದಲ್ಲಿ ಬರೆಯಿರಿ. ದಿನಾಂಕದಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ಕೊನೆಗೆ ದಿನ; 2025ರ ಮಾರ್ಚ್ 14 ಆದರೆ 20250314. ಹೀಗೆ ಬರೆದರೆ ಒಂದೇ ಊರಿನ ಫೈಲುಗಳು ಪಟ್ಟಿಯಲ್ಲಿ ತಾವಾಗಿಯೇ ದಿನಾಂಕದ ಕ್ರಮಕ್ಕೆ ಬರುತ್ತವೆ. ಹಂತವೆಂದರೆ ‘ಪ್ಯಾಚ್ ಆಯಿತು’, ‘ಫೋಕಸ್ ಆಯಿತು’, ‘ತಾಲೀಮು ಆಯಿತು’. ಪ್ಯಾಚ್ ಎಂದರೆ ಕನ್ಸೋಲಿನ ಯಾವ ಸಂಖ್ಯೆಗೆ ಯಾವ ದೀಪ ಎಂಬ ಜೋಡಣೆ, ಫೋಕಸ್ ಎಂದರೆ ದೀಪವನ್ನು ಬೇಕಾದ ಜಾಗಕ್ಕೆ ತಿರುಗಿಸುವುದು. ಒಂದೊಂದು ಹಂತ ಮುಗಿದಾಗಲೂ ಹೊಸ ಹೆಸರಿನಲ್ಲಿ ಉಳಿಸಿ, ಹಳೆಯದರ ಮೇಲೆ ಬರೆಯಬೇಡಿ. ಏಳನೆಯ ದೃಶ್ಯ ಕೆಟ್ಟುಹೋದರೆ ಮಧ್ಯಾಹ್ನದ ಫೈಲಿಗೆ ಹಿಂತಿರುಗಲು ದಾರಿ ಇರಬೇಕು.

ಇನ್ನು ಮುಖ್ಯವಾದ ಮಾತು. ಫೈಲನ್ನು ಮೊದಲಿನಿಂದಲೇ ಪ್ರಯಾಣಕ್ಕೆಂದು ಕಟ್ಟಬೇಕು. ಕನ್ಸೋಲಿನಲ್ಲಿ ದೀಪವನ್ನು ಕರೆಯುವ ಸಂಖ್ಯೆಯೇ ಚಾನೆಲ್. ನನ್ನ ಎಲ್ಲ ನಾಟಕಗಳಲ್ಲೂ ಚಾನೆಲ್ ಸಂಖ್ಯೆಗಳ ಅರ್ಥ ಒಂದೇ: 1ರಿಂದ 20 ಮುಂಭಾಗದ ದೀಪ, 21ರಿಂದ 40 ಪಕ್ಕದ್ದು, 41ರಿಂದ 60 ಹಿಂದಿನದು, 61ರಿಂದ ಸೈಕ್ಲೋರಮಾ ಎಂಬ ಹಿಂಬದಿಯ ದೊಡ್ಡ ಪರದೆಯದು, 101ರಿಂದ ಎಲ್‌ಇಡಿ. ತುಮಕೂರಿನಲ್ಲಿ ಚಾನೆಲ್ 3 ಏಳನೇ ಡಿಮ್ಮರಿನಲ್ಲಿ (ದೀಪದ ಪ್ರಕಾಶವನ್ನು ಏರಿಳಿಸುವ ಸಾಧನ) ಇರಬಹುದು, ಕೋಲಾರದಲ್ಲಿ ನಲವತ್ತಮೂರರಲ್ಲಿ. ಬದಲಾಗುವುದು ಪ್ಯಾಚ್ ಮಾತ್ರ, ಒಂದು ಕ್ಯೂವನ್ನೂ ಮುಟ್ಟಬೇಕಾಗಿಲ್ಲ. ಅಲ್ಲಿ ದೀಪ ಕಡಿಮೆ ಇದ್ದರೆ ಆ ಚಾನೆಲ್ಲನ್ನು ಪ್ಯಾಚ್ ಇಲ್ಲದೆ ಖಾಲಿ ಬಿಡಿ, ಅಳಿಸಬೇಡಿ. ಕ್ಯೂಗಳಲ್ಲಿ ಅದರ ಪ್ರಮಾಣ ಹಾಗೆಯೇ ಉಳಿದಿರುತ್ತದೆ. ಮುಂದಿನ ಊರಿನಲ್ಲಿ ದೀಪ ಸಿಕ್ಕಿದಾಗ ಮತ್ತೆ ಜೀವ ಬರುತ್ತದೆ.

ಮೂವಿಂಗ್ ಹೆಡ್, ಅಂದರೆ ಕನ್ಸೋಲಿನಿಂದಲೇ ತಿರುಗಿಸಬಹುದಾದ ದೀಪ ಇದ್ದರೆ ದೀಪದ ದಿಕ್ಕನ್ನು ಕ್ಯೂವಿನೊಳಗೆ ನೇರವಾಗಿ ಬರೆಯಲೇಬೇಡಿ. ಮೊದಲು ಆ ದಿಕ್ಕನ್ನು ಪ್ಯಾಲೆಟ್ ಎಂಬ ಪ್ರತ್ಯೇಕ ದಾಖಲೆಯಾಗಿ ಉಳಿಸಿ, ಅದಕ್ಕೆ ರಂಗದ ಹೆಸರನ್ನೇ ಇಡಿ: ‘ಸಿಂಹಾಸನ’, ‘ಎಡ ಬಾಗಿಲು’, ‘ಬಾವಿಕಟ್ಟೆ’. ಕ್ಯೂ ಬರೆಯುವಾಗ ಆ ಪ್ಯಾಲೆಟ್ಟನ್ನೇ ಕರೆಯಿರಿ. ಹೊಸ ರಂಗದಲ್ಲಿ ದೀಪದ ಎತ್ತರವೂ ಕೋನವೂ ಬೇರೆ. ಆಗ ‘ಸಿಂಹಾಸನ’ವನ್ನು ಒಮ್ಮೆ ಸರಿಪಡಿಸಿ ಅಪ್‌ಡೇಟ್ ಮಾಡಿದರೆ ಅದನ್ನು ಬಳಸಿದ ಎಲ್ಲ ಕ್ಯೂಗಳೂ ಸರಿಹೋಗುತ್ತವೆ. ನೇರವಾಗಿ ಬರೆದಿದ್ದರೆ ಒಂದೊಂದೇ ಕ್ಯೂ ತೆರೆದು ತಿದ್ದುತ್ತ ಕೂರಬೇಕು, ಅಷ್ಟರಲ್ಲಿ ಪ್ರೇಕ್ಷಕರು ಬಾಗಿಲಲ್ಲಿ ನಿಂತಿರುತ್ತಾರೆ. ಬಣ್ಣಕ್ಕೂ ಇದೇ ಕ್ರಮ.

ಬಾಡಿಗೆಯ ಎಲ್‌ಇಡಿ ಪಾರ್ ದೀಪಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೆಚ್ಚು ಹೊತ್ತು ಹಾಳಾಗುವುದು ಇಲ್ಲಿಯೇ. ದೀಪದ ಬೆನ್ನಿನಲ್ಲಿ ಪುಟ್ಟ ಪರದೆ, ಅದರ ಕೆಳಗೆ ನಾಲ್ಕು ಗುಂಡಿ ಇರುತ್ತವೆ. ಅಲ್ಲಿ ವಿಳಾಸದ (ದೀಪ ಯಾವ ಸಂಖ್ಯೆಯಿಂದ ಆದೇಶ ಓದಬೇಕು ಎಂಬುದರ) ಜೊತೆಗೆ ಚಾನೆಲ್ ಮೋಡ್ ಕೂಡ ಇರುತ್ತದೆ. ಇಲ್ಲಿ ಚಾನೆಲ್ ಎಂದರೆ ಮೇಲೆ ಹೇಳಿದ ದೀಪದ ಸಂಖ್ಯೆಯಲ್ಲ, ಒಂದೇ ದೀಪದ ಒಂದೊಂದು ಗುಣವನ್ನು ನಿಯಂತ್ರಿಸುವ ಜಾಗ. ಎಂಟು ಚಾನೆಲ್ ಮೋಡ್‌ನಲ್ಲಿ ಸಾಮಾನ್ಯವಾಗಿ ಮೊದಲನೆಯದು ಒಟ್ಟು ಪ್ರಕಾಶ, ಆಮೇಲೆ ಕೆಂಪು, ಹಸಿರು, ನೀಲಿ, ಬಿಳಿ. ನಾಲ್ಕು ಚಾನೆಲ್ ಮೋಡ್‌ನಲ್ಲಿ ಮೊದಲನೆಯದೇ ಕೆಂಪು. ನಿಮ್ಮ ಫೈಲಿನಲ್ಲಿ ಎಂಟು ಎಂದಿದ್ದು ದೀಪ ನಾಲ್ಕರಲ್ಲಿದ್ದರೆ, ನೀವು ಕಳುಹಿಸಿದ ಪ್ರಕಾಶವನ್ನು ದೀಪ ಕೆಂಪು ಎಂದು ಓದುತ್ತದೆ. ಬೆಳದಿಂಗಳು ಬರಬೇಕಾದ ಜಾಗದಲ್ಲಿ ಕುಂಕುಮ ಚೆಲ್ಲಿದಂತೆ ಆಗುತ್ತದೆ. ಆಗ ಫೈಲಿನ ಮೇಲೆ ಅನುಮಾನ ಪಟ್ಟು ಕ್ಯೂಗಳಿಗೆ ಕೈ ಹಾಕಬೇಡಿ, ಏಣಿ ಹತ್ತಿ ದೀಪದ ಬೆನ್ನು ನೋಡಿ. ದೀಪಗಳನ್ನು ಮೇಲೆ ಕಟ್ಟುವ ಮೊದಲೇ ನೆಲದ ಮೇಲೆ ಸಾಲಾಗಿ ಇಟ್ಟು ಮೋಡ್, ವಿಳಾಸ ನೋಡಿಕೊಂಡರೆ ಏಣಿಯ ಕೆಲಸವೂ ತಪ್ಪುತ್ತದೆ. ಎಂಟರ ಮೋಡ್ ಆದರೆ ವಿಳಾಸಗಳು 1, 9, 17, 25 ಹೀಗೆ ಹೋಗಬೇಕು. ಕನ್ಸೋಲಿನಿಂದ ದೀಪಗಳಿಗೆ ಆದೇಶ ಒಯ್ಯುವ ಒಂದು ಡಿಎಂಎಕ್ಸ್ ಸಾಲಿನಲ್ಲಿ (ಯೂನಿವರ್ಸ್) ಇರುವುದು 512 ವಿಳಾಸ, ಅಂದರೆ ಇಂಥ 64 ದೀಪಗಳಿಗೆ ಸರಿಹೋಗುತ್ತದೆ.

ಪೆನ್‌ಡ್ರೈವ್ ಎರಡಿರಲಿ, ಒಂದು ನಿಮ್ಮ ಜೇಬಿನಲ್ಲಿ, ಇನ್ನೊಂದು ನಿರ್ದೇಶಕರ ಬಳಿ. 16 ಅಥವಾ 32 ಜಿಬಿಯದು ಸಾಕು. ಬಹಳಷ್ಟು ಕನ್ಸೋಲ್‌ಗಳು ಎಫ್‌ಎಟಿ32 ಎಂಬ ಫಾರ್ಮ್ಯಾಟ್ ಮಾದರಿಯನ್ನು ತಕರಾರಿಲ್ಲದೆ ಓದುತ್ತವೆ, ದೊಡ್ಡ ಡ್ರೈವ್‌ಗಳು ಬೇರೆ ಮಾದರಿಯಲ್ಲಿ ಬರುವುದರಿಂದ ಕೆಲವೊಮ್ಮೆ ಕಾಣಿಸುವುದೇ ಇಲ್ಲ. ಉಳಿಸಿದ ಮೇಲೆ ಆ ಪೆನ್‌ಡ್ರೈವಿನಿಂದಲೇ ಒಮ್ಮೆ ತೆರೆದು ನೋಡಿ. ತೆರೆದು ನೋಡದ ಪ್ರತಿಯನ್ನು ನಾನು ಪ್ರತಿಯೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕರೆಂಟು ಹೋಗಿ ಜನರೇಟರ್ ಬರುವ ನಡುವಿನ ಕ್ಷಣದಲ್ಲಿ ಕನ್ಸೋಲ್ ಆರಿದರೆ, ಕೊನೆಯ ಸಲ ಉಳಿಸಿದ ಮೇಲೆ ಮಾಡಿದ ಕೆಲಸ ಹೋಗಬಹುದು. ಕನ್ಸೋಲಿಗೆ ಯುಪಿಎಸ್ ಇಲ್ಲದ ಕಡೆ ಪ್ರತಿ ದೃಶ್ಯ ಬರೆದಾದ ಕೂಡಲೇ ಉಳಿಸಿ. ಜಾತ್ರೆಯ ಬಯಲು ರಂಗದಲ್ಲಾದರೆ ಒಂದು ಚಿಕ್ಕ ಯುಪಿಎಸ್ ಬಾಡಿಗೆಗೆ ತರಲು ಸಂಘಟಕರನ್ನು ಒಪ್ಪಿಸಿ.

ಪ್ರದರ್ಶನ ಮುಗಿದ ರಾತ್ರಿ ಸುಸ್ತಾಗಿರುತ್ತದೆ, ಆದರೂ ಇನ್ನೊಂದು ಕೆಲಸ ಬಾಕಿ ಇದೆ. ಅಂದು ಮಾಡಿದ ಬದಲಾವಣೆಗಳನ್ನು ಎರಡು ಪಾಲು ಮಾಡಿ. ಪ್ಯಾಚ್, ದೀಪದ ದಿಕ್ಕು ಇವು ಆ ಊರಿಗೆ ಸೇರಿದ್ದು, ಆ ಊರಿನ ಫೈಲಿನಲ್ಲೇ ಇರಲಿ. ನಿರ್ದೇಶಕರು ಕೊನೆಯ ದೃಶ್ಯದಲ್ಲಿ ಬೆಳಕು ಮಬ್ಬಾಗುವ ಸಮಯ 5 ಸೆಕೆಂಡಿನಿಂದ 8ಕ್ಕೆ ಏರಲಿ ಎಂದಿದ್ದರೆ ಅದು ನಾಟಕಕ್ಕೆ ಸೇರಿದ್ದು, ಮೂಲ ಫೈಲಿಗೂ ಕಾಗದಕ್ಕೂ ಹೋಗಬೇಕು. ಇಯಾಸ್‌ನಲ್ಲಿ ಮರ್ಜ್ ಎಂಬ ಆಯ್ಕೆ ಬಳಸಿ ಇನ್ನೊಂದು ಫೈಲಿನಿಂದ ಬೇಕಾದ ಕ್ಯೂಗಳನ್ನಷ್ಟೇ ತಂದುಕೊಳ್ಳಬಹುದು. ಆಮೇಲೆ ರಂಗಮಂದಿರದವರ ಸ್ವಂತ ಫೈಲನ್ನು ಮತ್ತೆ ತೆರೆದಿಟ್ಟು, ದೀಪಗಳು ಅವರ ಲೆಕ್ಕದಂತೆ ಹೊತ್ತುತ್ತಿವೆ ಎಂದು ಅಲ್ಲಿನ ಎಲೆಕ್ಟ್ರಿಷಿಯನ್ ಅಣ್ಣನಿಗೆ ತೋರಿಸಿ, ಪೆನ್‌ಡ್ರೈವ್ ತೆಗೆದುಕೊಂಡು ಹೊರಡಿ.