ಅಪ್ಪನ ದಿನಸಿ ಅಂಗಡಿಯನ್ನು ಸಣ್ಣ ಸೂಪರ್‌ಮಾರ್ಕೆಟ್ ಮಾಡಿದ ನನ್ನ ಅನುಭವ

ಮೈಸೂರಿನ ದಟ್ಟಗಳ್ಳಿಯಲ್ಲಿ ನಮ್ಮದು 10 ಅಡಿ ಅಗಲದ ಅಂಗಡಿ ಆಗಿತ್ತು. ಅಪ್ಪ ಕೌಂಟರ್ ಒಳಗೆ, ಗಿರಾಕಿಗಳು ಹೊರಗೆ ಮೆಟ್ಟಿಲ ಮೇಲೆ. ಚೀಟಿ ಓದಿದ ಹಾಗೆ ಅಪ್ಪ ಒಂದೊಂದೇ ಸಾಮಾನು ಕಟ್ಟಿ ಕೊಡುತ್ತಿದ್ದರು. 2018ರಲ್ಲಿ ಪಕ್ಕದ ಎರಡು ಮಳಿಗೆ ಖಾಲಿಯಾದವು. ನಡುವಿನ ಗೋಡೆ ಒಡೆಸಿ, ಮೂರನ್ನೂ ಸೇರಿಸಿ 850 ಚದರಡಿ ಮಾಡಿ, ಜನ ಒಳಗೆ ಬಂದು ತಾವೇ ಬುಟ್ಟಿಗೆ ಹಾಕಿಕೊಳ್ಳುವ ಅಂಗಡಿ ಮಾಡಿದೆ. ಅಪ್ಪ ಒಪ್ಪೋಕೆ ನಾಲ್ಕು ತಿಂಗಳು ಹಿಡಿಯಿತು. "ಗಿರಾಕಿ ಒಳಗೆ ಬಂದ್ರೆ ನಾನು ಯಾರ ಮುಖ ನೋಡಿ ವ್ಯಾಪಾರ ಮಾಡ್ಲಿ?" ಅಂತ ಕೇಳಿದ್ದರು. ಆ ಮಾತು ನನಗೆ ಅರ್ಥ ಆಗಿದ್ದು ಆಮೇಲೆ.

ಇದೇ ಥರ ಮಾಡಬೇಕು ಅಂತ ಬೇರೆ ಬಡಾವಣೆಗಳಿಂದ ಆಗಾಗ ಯಾರಾದರೂ ಬಂದು ಕೇಳುತ್ತಾರೆ. ಅವರಿಗೆ ನಾನು ಮೊದಲು ಹೇಳುವುದು ರ್‍ಯಾಕ್ ಬಗ್ಗೆ ಅಲ್ಲ. ಹೋಗಿ ಮನೆ ಎಣಿಸಿ ಅಂತ. ನಾನು ಎರಡು ವಾರ ಸಂಜೆ ನಡೆದು ಎಣಿಸಿದೆ. ಯಾವ ಬೀದಿಯಿಂದ ಕಾಲ್ನಡಿಗೆಯಲ್ಲಿ ಎಂಟು ನಿಮಿಷದ ಒಳಗೆ ಬರಬಹುದು, ಎಲ್ಲಿ ಸ್ವಂತ ಮನೆ ಜಾಸ್ತಿ, ಎಲ್ಲಿ ಬಾಡಿಗೆಗೆ ಇರುವ ಹುಡುಗರು ಜಾಸ್ತಿ, ಯಾರ ಮನೆ ಮುಂದೆ ವೀಲ್‌ಚೇರ್ ಇಳಿಜಾರು ಇದೆ, ಎಲ್ಲ ಬರೆದುಕೊಂಡೆ. ರಿಂಗ್ ರೋಡ್ ದಾಟಿ ಯಾರೂ ಒಂದು ಕಟ್ಟು ಕೊತ್ತಂಬರಿಗೆ ಬರುವುದಿಲ್ಲ. ಹಾಗಾಗಿ ಆ ಕಡೆಯ ಮನೆಗಳನ್ನು ಲೆಕ್ಕದಿಂದ ಬಿಟ್ಟೆ. ಉಳಿದದ್ದು ಸುಮಾರು 600 ಮನೆ. ನನ್ನ ಅಂಗಡಿ ಅಂದರೆ ಅಷ್ಟೇ.

ರ್‍ಯಾಕ್ ಹಾಕುವವರು ನಡುವೆಯೂ 7 ಅಡಿ ಎತ್ತರ ಹಾಕಿ, ಜಾಸ್ತಿ ಮಾಲು ಹಿಡಿಯುತ್ತೆ ಅಂದರು. ನಾನು ನಡುವೆ 4.5 ಅಡಿಯದ್ದೇ ಹಾಕಿಸಿದೆ, ಗೋಡೆಗೆ ಮಾತ್ರ ಎತ್ತರದ್ದು. ಬಿಲ್ಲಿಂಗ್ ಹತ್ತಿರ ಕೂತರೆ ಇಡೀ ಅಂಗಡಿ ಕಾಣಬೇಕು. ವಯಸ್ಸಾದವರು ಬೇಳೆ ಎಲ್ಲಿದೆ ಅಂತ ಹುಡುಕುತ್ತಿದ್ದರೆ ನನಗೆ ಕಾಣುತ್ತೆ, ಎದ್ದು ಹೋಗುತ್ತೇನೆ. ಹಾಲು, ಮೊಸರು ಹಿಂದುಗಡೆ ಇಡಿ, ಆಗ ಜನ ಪೂರ್ತಿ ಅಂಗಡಿ ಸುತ್ತುತ್ತಾರೆ ಅಂತಲೂ ಸಲಹೆ ಬಂತು. ಬೆಳಿಗ್ಗೆ 6 ಗಂಟೆಗೆ ನಂದಿನಿ ಪ್ಯಾಕೆಟ್‌ಗೆ ಬರುವವರು ಒಲೆ ಹಚ್ಚಿಟ್ಟು ಬಂದಿರುತ್ತಾರೆ. ಅವರನ್ನು ಸುಮ್ನೆ ಸುತ್ತಿಸುವುದು ತಪ್ಪು. ಹಾಲಿನ ಫ್ರಿಡ್ಜ್ ಬಾಗಿಲ ಪಕ್ಕದಲ್ಲೇ ಇದೆ. ಹಾಲಿನಲ್ಲಿ ಲಾಭ ಉಳಿಯುವುದು ತೀರಾ ಕಡಿಮೆ, ಆದರೆ ದಿನಾ ಬರುವ ಅಭ್ಯಾಸ ಆಗುವುದು ಅದರಿಂದಲೇ.

ಒಂದು ಬದಲಾವಣೆ ನಾನು ಯೋಚಿಸಿಯೇ ಇರಲಿಲ್ಲ. ಅಪ್ಪನ ಕಾಲದಲ್ಲಿ ಹೆಣ್ಣುಮಕ್ಕಳು ಸ್ಯಾನಿಟರಿ ಪ್ಯಾಡ್ ಕೇಳಲು ಅಂಗಡಿ ಖಾಲಿಯಾಗುವ ತನಕ ಕಾಯುತ್ತಿದ್ದರು, ನಾವು ಪೇಪರ್ ಸುತ್ತಿ ಕೊಡುತ್ತಿದ್ದೆವು. ಈಗ ಶಾಲೆಯ ಹುಡುಗಿಯರೂ ತಾವೇ ನೋಡಿ, ಬೆಲೆ ಓದಿ, ಎತ್ತಿಕೊಂಡು ಬರುತ್ತಾರೆ. ಇದೊಂದಕ್ಕಾದರೂ ಗೋಡೆ ಒಡೆಸಿದ್ದು ಒಳ್ಳೆಯದಾಯಿತು ಅಂತ ನನಗೆ ಈಗಲೂ ಅನಿಸುತ್ತೆ.

ಇನ್ನು ನನ್ನ ದೊಡ್ಡ ತಪ್ಪು. ಹೊಸ ಅಂಗಡಿ ಚೊಕ್ಕವಾಗಿ ಕಾಣಬೇಕು ಅಂತ ಬಿಡಿ ಸಾಮಾನು ಪೂರ್ತಿ ತೆಗೆದೆ. ಅಕ್ಕಿ, ಬೇಳೆ, ಸಕ್ಕರೆ, ಮೆಣಸಿನಕಾಯಿ ಎಲ್ಲ ಅರ್ಧ ಕೆಜಿ, ಒಂದು ಕೆಜಿ ಪ್ಯಾಕೆಟ್. ಮೂರನೇ ತಿಂಗಳು ಬಿಲ್ ಸಂಖ್ಯೆ ನೋಡಿದರೆ ಸಂಜೆ 6ರ ಮೇಲೆ ಕುಸಿದಿತ್ತು. ಆಗ ಬರುತ್ತಿದ್ದವರು ಯಾರು? ಬಡಾವಣೆಯ ಮನೆಗಳಲ್ಲಿ ಕೆಲಸ ಮಾಡಿ ಹಳೇ ಊರಿನ ಕಡೆ ವಾಪಸ್ ಹೋಗುವ ಹೆಂಗಸರು, ಕಟ್ಟಡ ಕೆಲಸದವರು. ಅವರಿಗೆ ಬೇಕಾದದ್ದು 20 ರೂಪಾಯಿ ತೊಗರಿಬೇಳೆ, 10 ರೂಪಾಯಿ ಬೆಳ್ಳುಳ್ಳಿ, ಕಾಲು ಲೀಟರ್ ಎಣ್ಣೆ. ಒಬ್ಬರು ಬಾಗಿಲಲ್ಲೇ ನಿಂತು, ಚಪ್ಪಲಿ ಬಿಟ್ಟು ಒಳಗೆ ಬರಬೇಕಾ ಅಂತ ಕೇಳಿದ್ದರು. ಎಸಿ, ಗಾಜಿನ ಬಾಗಿಲು ನೋಡಿ ಇದು ತಮಗಲ್ಲ ಅಂದುಕೊಂಡಿದ್ದರು. ಇಪ್ಪತ್ತು ವರ್ಷದಿಂದ ಅಪ್ಪನ ಹತ್ತಿರ ತೆಗೆದುಕೊಂಡು ಹೋಗುತ್ತಿದ್ದವರು ಅವರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮುಂದಿನ ವಾರವೇ ಗಾಜಿನ ಬಾಗಿಲು ಅಂಗಡಿ ಮುಚ್ಚುವ ತನಕ ತೆರೆದಿಡುವ ಹಾಗೆ ಮಾಡಿ, ಎಸಿ ಬಂದ್ ಮಾಡಿ ನಾಲ್ಕು ಫ್ಯಾನ್ ಹಾಕಿಸಿದೆ. ಮುಂದಿನ ಎಡ ಮೂಲೆಯಲ್ಲಿ ಮುಚ್ಚಳ ಇರುವ 14 ಸ್ಟೀಲ್ ಡಬ್ಬ, ಒಂದು ತಕ್ಕಡಿ. ಸೋನಾ ಮಸೂರಿ, ರಾಜಮುಡಿ, ರಾಗಿ, ಕಲಬುರಗಿ ತೊಗರಿ, ಬ್ಯಾಡಗಿ ಮೆಣಸಿನಕಾಯಿ ಎಲ್ಲ ಅಲ್ಲಿ. ಬಂಡೀಪಾಳ್ಯದ ಎಪಿಎಂಸಿ ಸಗಟು ಮಾರುಕಟ್ಟೆಯಿಂದ ಮೂಟೆಯಲ್ಲೇ ತರುತ್ತೇನೆ. ಹಳೆಯ ಗಿರಾಕಿಗಳು ಮರಳಲು ಆರು ತಿಂಗಳು ಬೇಕಾಯಿತು. ಕೆಲವರು ಬರಲೇ ಇಲ್ಲ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಾಕಿದ 25 ಕೆಜಿ ತನಕದ ಅಕ್ಕಿ, ಬೇಳೆಗೆ 5% ಜಿಎಸ್‌ಟಿ ಬಂದಾಗ, ಗಿರಾಕಿ ಮುಂದೆ ತೂಗಿ ಕೊಡುವ ಬಿಡಿ ಸಾಮಾನಿಗೆ ಅದು ಇರಲಿಲ್ಲ. ಆಗ ಈ ಮೂಲೆಗೆ ದೊಡ್ಡ ಮನೆಯವರೂ ಬರಲು ಶುರು ಮಾಡಿದರು.

ಕಾಗದಪತ್ರದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಪಾಲಿಕೆಯ ಟ್ರೇಡ್ ಲೈಸೆನ್ಸ್, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್, ವರ್ಷಕ್ಕೊಮ್ಮೆ ಎಲೆಕ್ಟ್ರಾನಿಕ್ ತಕ್ಕಡಿಗೆ ತೂಕ ಸರಿ ಇದೆ ಅನ್ನುವ ಸರ್ಕಾರಿ ಮುದ್ರೆ. ನಮ್ಮ ವ್ಯಾಪಾರ ದಿನಕ್ಕೆ ಸುಮಾರು 35,000 ರೂಪಾಯಿ, ಅಂದರೆ ವರ್ಷಕ್ಕೆ ಒಂದೂವರೆ ಕೋಟಿಗಿಂತ ಕೆಳಗೆ, ಹಾಗಾಗಿ ಜಿಎಸ್‌ಟಿಯಲ್ಲಿ ಕಾಂಪೊಸಿಷನ್ ಸ್ಕೀಮ್ (ಸಣ್ಣ ವ್ಯಾಪಾರಿಗಳು ಒಟ್ಟು ವ್ಯಾಪಾರದ ಮೇಲೆ ಒಂದೇ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ವ್ಯವಸ್ಥೆ) ತೆಗೆದುಕೊಂಡಿದ್ದೇವೆ. ಇದಕ್ಕೆ ಒಬ್ಬ ಒಳ್ಳೆಯ ಲೆಕ್ಕಿಗರು ಸಾಕು.

ಸ್ಟಾಕ್ ವಿಷಯ ಮಾತ್ರ ಯಾರಿಗೂ ಬಿಡಬೇಡಿ. ಮೊದಲ ದೀಪಾವಳಿಗೆ ಒಬ್ಬ ಸ್ಟಾಕಿಸ್ಟ್ (ಕಂಪನಿ ಮಾಲನ್ನು ಅಂಗಡಿಗಳಿಗೆ ಸಗಟಾಗಿ ಕೊಡುವವರು) ಸ್ಕೀಮ್ ಇದೆ, ಜಾಸ್ತಿ ತೆಗೆದುಕೊಂಡರೆ ರಿಯಾಯಿತಿ ಅಂದರು ಅಂತ 40 ಬಾಕ್ಸ್ ಕ್ರೀಮ್ ಬಿಸ್ಕೆಟ್ ಇಳಿಸಿಕೊಂಡೆ. ನಮ್ಮ ಬೀದಿಗಳಲ್ಲಿ ಅರ್ಧಕ್ಕೂ ಹೆಚ್ಚು ಮನೆಯಲ್ಲಿ ನಿವೃತ್ತರು, ಸಕ್ಕರೆ ಕಾಯಿಲೆ ಇರುವವರು. ನಾನೇ ನಡೆದು ಬರೆದಿಟ್ಟ ಪುಸ್ತಕದಲ್ಲೇ ಅದು ಇತ್ತು, ಅಲ್ವಾ? 17 ಬಾಕ್ಸ್ ಡೇಟ್ ಮುಗಿದು ಹೋಯಿತು, ವಾಪಸ್ ಯಾರೂ ತೆಗೆದುಕೊಳ್ಳಲಿಲ್ಲ. ಅಂದಿನಿಂದ ಆರ್ಡರ್ ಕೊಡುವ ಮುಂಚೆ ಹಿಂದಿನ ಎರಡು ವಾರದ ಮಾರಾಟ ನೋಡುತ್ತೇನೆ, ಸ್ಕೀಮ್ ಆಮೇಲೆ ಕೇಳುತ್ತೇನೆ. ಪ್ರತಿ ಬುಧವಾರ ಒಂದು ರ್‍ಯಾಕ್ ಪೂರ್ತಿ ಇಳಿಸಿ, ಬೇಗ ಡೇಟ್ ಮುಗಿಯುವುದನ್ನು ಮುಂದಕ್ಕೆ ಜೋಡಿಸುತ್ತೇವೆ.

ತರಕಾರಿಗೆ ಎಂಜಿ ರೋಡ್ ಮಾರ್ಕೆಟ್‌ಗೆ ಬೆಳಗಿನ ಜಾವ ನಾನೇ ಹೋಗುತ್ತೇನೆ. ಸೊಪ್ಪು ಮಧ್ಯಾಹ್ನಕ್ಕೆ ಮುಗಿಯುವಷ್ಟು ಮಾತ್ರ.

10 ನಿಮಿಷದಲ್ಲಿ ಮನೆಗೆ ತಂದು ಕೊಡುವ ಆಪ್‌ಗಳು ಬಂದ ಮೇಲೆ ಶಾಂಪೂ, ಚಿಪ್ಸ್, ಡೈಪರ್ ವ್ಯಾಪಾರ ನಮ್ಮಲ್ಲಿ ಇಳಿದಿದೆ. ಅದು ನೋವಿನ ವಿಷಯವೇ. ಆ ರ್‍ಯಾಕ್‌ಗಳಲ್ಲಿ ಎರಡು ಕಡಿಮೆ ಮಾಡಿ ಬಾಳೆ ಎಲೆ, ವೀಳ್ಯದೆಲೆ, ಹೂವು, ದೀಪದ ಬತ್ತಿ, ಮನೆಯಲ್ಲೇ ಮಾಡಿದ ಹಪ್ಪಳ, ಸಂಡಿಗೆ ಇಟ್ಟೆ. ಹಪ್ಪಳ ಮಾಡಿ ಕೊಡುವವರು ಎರಡನೇ ಕ್ರಾಸಿನ ನಾಲ್ಕು ಹೆಂಗಸರು.

ಅಪ್ಪನಿಗೆ ಈಗ 74. ಬಿಲ್ಲಿಂಗ್ ಕಂಪ್ಯೂಟರ್ ಅವರಿಗೆ ಹಿಡಿಸಲಿಲ್ಲ. ಸಂಜೆ 6ರಿಂದ 8ರ ತನಕ ಬಿಡಿ ಸಾಮಾನಿನ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ, ಬಂದವರ ಹೆಸರು ಹಿಡಿದು ಕರೆಯುತ್ತಾರೆ, ತೂಗಿದ ಮೇಲೆ ಒಂದು ಹಿಡಿ ಜಾಸ್ತಿ ಹಾಕುತ್ತಾರೆ. ಆ ಹಿಡಿಯನ್ನು ನಾನು ಲೆಕ್ಕದಲ್ಲಿ ಬೇರೆಯಾಗಿ ಬರೆದಿಡುತ್ತೇನೆ, ತಿಂಗಳಿಗೆ ಸುಮಾರು 900 ರೂಪಾಯಿ ಆಗುತ್ತೆ. ಅದನ್ನು ನಿಲ್ಲಿಸಿ ಅಂತ ಅವರಿಗೆ ಹೇಳಿಲ್ಲ, ಹೇಳುವುದೂ ಇಲ್ಲ.