ಮ್ಯಾಟಿನ ಅಡಿಯ ವಿಷಯ ನಾನು ಹೇಳಿರಲಿಲ್ಲ

ಕಾಸರಗೋಡು ಜಿಲ್ಲೆಯ ನಮ್ಮ ಪೆರ್ಲ ಪೇಟೆಯ ಸುತ್ತಮುತ್ತ ಯಾರಾದರೂ ಕಾರು ಕೊಳ್ಳುವ ಯೋಚನೆ ಮಾಡಿದರೆ ಒಮ್ಮೆ ನಮ್ಮ ಮನೆಯ ಅಂಗಳಕ್ಕೆ ಬಂದು ಹೋಗುತ್ತಾರೆ. ನಾನು ಮೆಕ್ಯಾನಿಕ್ ಅಲ್ಲ, ಅಡಿಕೆ ಕೃಷಿಕ. 1998ರಲ್ಲಿ ಕೊಂಡ ಬಿಳಿ ಮಾರುತಿ 800 ಒಂದನ್ನು ಇನ್ನೂ ಓಡಿಸುತ್ತಿದ್ದೇನೆ ಎಂಬುದಷ್ಟೇ ನನ್ನ ಅರ್ಹತೆ. ಕೆಎಲ್-14 ನಂಬರಿನ ಆ ಕಾರು ಅಡಿಕೆ ಗೋಣಿ, ಹಸುವಿನ ಹಿಂಡಿ, ಒಮ್ಮೆ ನಡುರಾತ್ರಿ ಹೆರಿಗೆ ನೋವಿನ ಸೊಸೆ, ಎಲ್ಲವನ್ನೂ ಹೊತ್ತಿದೆ. ಇಂತಹ ಕಾರಿನ ಮುಂದೆ ಕಂಪನಿಯ ಜಾಹೀರಾತನ್ನು ನಂಬುವವರು ನಮ್ಮಲ್ಲಿ ಕಡಿಮೆ. ಕಣ್ಣೆದುರು ಗುಡ್ಡೆ ಹತ್ತುತ್ತಿದೆಯಲ್ಲ, ಮತ್ತೇನು ಬೇಕು?

ಈ ಮಾರುತಿಯ ಕಥೆ ಶುರುವಾದದ್ದೂ ಒಬ್ಬ ಮಾಲೀಕನಿಂದಲೇ. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರ ಕೈಯಿಂದ ಮೊದಲ ಕಾರಿನ ಕೀಲಿ ಪಡೆದ ದೆಹಲಿಯ ಹರ್ಪಾಲ್ ಸಿಂಗ್ 2010ರಲ್ಲಿ ತೀರಿಕೊಳ್ಳುವ ತನಕ ಅದನ್ನು ಮಾರಲಿಲ್ಲ. ಅಷ್ಟು ವರ್ಷ ಇಟ್ಟುಕೊಂಡದ್ದು ಯಾವ ಜಾಹೀರಾತಿಗೂ ಕಡಿಮೆಯಲ್ಲ.

ನನಗೂ ಆ ಜಂಬ ಇತ್ತು. 2015ರಲ್ಲಿ ದೂರದ ಸಂಬಂಧಿಯೊಬ್ಬರು ಬಂದು, "ಭಾವ, ನಿಮ್ಮ ಕಾರಿಗೆ ಖರ್ಚೇ ಇಲ್ಲವಂತೆ, ಹೌದೇ?" ಎಂದು ಕೇಳಿದರು. "ಆಯಿಲ್ ಬದಲಿಸಿದರೆ ಆಯಿತು" ಎಂದುಬಿಟ್ಟೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತು ಇಂತಹ ಹೊತ್ತಿಗೇ ಹುಟ್ಟಿರಬೇಕು. ಹಿಂದಿನ ವರ್ಷವಷ್ಟೇ 800ರ ತಯಾರಿಕೆ ನಿಂತಿತ್ತು. ಅವರು ಹಳೆಯದೊಂದನ್ನು ಹುಡುಕಿ ತಂದರು. ನನ್ನ ಮಾತಿನಂತೆ ಆಯಿಲ್ ಬದಲಿಸಿದರು, ಬೇರೇನೂ ಮಾಡಲಿಲ್ಲ. ಮೂರನೆಯ ಮಳೆಗಾಲ ಕಳೆಯುವಾಗ ಡ್ರೈವರ್ ಕಾಲಿಡುವಲ್ಲಿ ತಗಡು ಕರಗಿ ರಸ್ತೆ ಕಾಣುತ್ತಿತ್ತು. ಅವರು ಚಹಾದ ಅಂಗಡಿಯಲ್ಲಿ ಕಂಪನಿಯನ್ನು ಮನಸಾರೆ ಬೈದರು. ನಾನು ಅಲ್ಲೇ ಬೆಂಚಿನಲ್ಲಿ ಕುಳಿತಿದ್ದೆ. ತಪ್ಪು ಕಂಪನಿಯದಲ್ಲ, ನನ್ನದು ಎಂದು ಹೇಳುವ ಧೈರ್ಯ ಅಂದು ಬರಲಿಲ್ಲ.

ನಾನು ಹೇಳದೆ ಬಿಟ್ಟದ್ದು ಪತ್ತನಾಜೆಯ, ಅಂದರೆ ಮೇ ಕೊನೆಯಲ್ಲಿ ಬರುವ ತುಳುವರ ಆಚರಣೆಯ ದಿನದ, ಮೊದಲಿನ ಕೆಲಸ. ನಮ್ಮ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಒದ್ದೆ ಕಾಲಿನಿಂದ ಇಳಿದ ನೀರು ರಬ್ಬರ್ ಮ್ಯಾಟಿನ ಅಡಿ ಸೇರಿ ತಿಂಗಳುಗಟ್ಟಲೆ ಅಲ್ಲೇ ಕುಳಿತಿರುತ್ತದೆ. ಮೇಲಿನಿಂದ ನೋಡಿದರೆ ಒಣಗಿದಂತೆಯೇ ಕಾಣುತ್ತದೆ. ಹಾಗಾಗಿ ಪ್ರತಿ ಮೇ ತಿಂಗಳಲ್ಲಿ ಮುಂದಿನ ಎರಡೂ ಸೀಟು ಬಿಚ್ಚಿ, ಮ್ಯಾಟು ತೆಗೆದು, ಅಡಿಕೆ ಒಣಗಿಸುವ ಅಂಗಳದಲ್ಲಿ ಎರಡು ದಿನ ಬಿಸಿಲಿಗೆ ಹಾಕುತ್ತೇನೆ. ಮ್ಯಾಟಿನ ಅಡಿಯ ತಗಡಿನಲ್ಲಿ ತುಕ್ಕು ಕಂಡಲ್ಲಿ ತಂತಿಯ ಬ್ರಷ್ಷಿನಿಂದ ಹೊಳೆಯುವ ತನಕ ಉಜ್ಜಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿದು, ಅದು ಒಣಗಿದ ಮೇಲೆ ಕಪ್ಪು ಬಣ್ಣ. ತುಕ್ಕಿನ ಮೇಲೆಯೇ ಬಣ್ಣ ಬಳಿಯುವುದು ಹುಣ್ಣಿಗೆ ಪೌಡರ್ ಹಚ್ಚಿದಂತೆ. ಬಾಗಿಲುಗಳ ತಳದಂಚಿನಲ್ಲಿ ನೀರಿಳಿಯುವ ಸಣ್ಣ ತೂತುಗಳಿವೆ, ಕೆಸರು ಕಟ್ಟಿಕೊಳ್ಳುತ್ತವೆ; ಅವುಗಳಿಗೆ ಹಿಡಿಸೂಡಿಯ (ತೆಂಗಿನ ಕಡ್ಡಿಯ ಪೊರಕೆಯ) ಕಡ್ಡಿಯಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ಮುಂದಿನ ಗಾಜಿನ ಬುಡದಲ್ಲಿ ಸೇರಿಕೊಳ್ಳುವ ಎಲೆಗಳನ್ನೂ ಗೋರಿ ತೆಗೆಯಬೇಕು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಶುಚಿ ಮಾಡುವ ಕೆಲಸ ಮಾತ್ರ ಬದಿಯಡ್ಕದ ಮೆಕ್ಯಾನಿಕ್‌ಗೆ.

ಬಿಡಿಭಾಗದ ಚಿಂತೆ ನನಗೆ ಹೆಚ್ಚು ಬಂದಿಲ್ಲ. ಇದೇ 796 ಸಿಸಿಯ ಮೂರು ಸಿಲಿಂಡರ್ ಇಂಜಿನ್ ಹೊತ್ತ ಮಾರುತಿಯ ಓಮ್ನಿ ವ್ಯಾನ್ 2019ರ ತನಕ ತಯಾರಾಗುತ್ತಿತ್ತು, ಸಾಮಾನು ಪೇಟೆಯಲ್ಲೇ ಸಿಕ್ಕಿತು. ನನ್ನ ಲೆಕ್ಕದಲ್ಲಿ ಕಂಪನಿಯ ಹೆಸರು ಉಳಿದದ್ದು ಇಲ್ಲಿ. ಹೊಸ ಕಾರು ಚೆನ್ನಾಗಿ ಓಡುವುದು ದೊಡ್ಡದಲ್ಲ, ಇಪ್ಪತ್ತನೆಯ ವರ್ಷ ವಾಟರ್ ಪಂಪ್ ಕೇಳಿದಾಗ ಅಂಗಡಿಯವನು ನಗದೆ ತೆಗೆದು ಕೊಡಬೇಕು.

ಆ ಚಹಾದಂಗಡಿಯ ಘಟನೆಯ ಬಳಿಕ ಒಂದು ನೋಟ್‌ಬುಕ್ ಮಾಡಿದೆ. ಬಣ್ಣದ ಡಬ್ಬಿಯಿಂದ ಹಿಡಿದು ನೋಂದಣಿ ನವೀಕರಣದ ಶುಲ್ಕದವರೆಗೆ ಎಲ್ಲವೂ ಅದರಲ್ಲಿದೆ. ಹದಿನೈದು ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. 2023ರಲ್ಲಿ ಕಟ್ಟುವಾಗ ಹೆಂಡತಿ ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ. ಅದನ್ನು ಬರೆಯಲು ನೋಟ್‌ಬುಕ್ಕಿನಲ್ಲಿ ಅಂಕಣ ಇಲ್ಲ.

ಈಗ ಯಾರು ಬಂದರೂ ಮೊದಲು ನೋಟ್‌ಬುಕ್ ಕೊಡುತ್ತೇನೆ, ಆಮೇಲೆ ಕಾರು ತೋರಿಸುತ್ತೇನೆ. ಕೆಲವರು ಅರ್ಧ ಓದಿ, ಚಹಾ ಕುಡಿದು, ಹಳೆ ಕಾರಿನ ಆಸೆ ಬಿಟ್ಟು ಹೋಗಿದ್ದಾರೆ. ಅಂಥವರು ಹೊರಗೆ ಕಂಪನಿಯನ್ನು ಬೈದದ್ದು ನನ್ನ ಕಿವಿಗೆ ಬಿದ್ದಿಲ್ಲ. ಓದಿದ ಮೇಲೂ ಕೊಂಡ ಇಬ್ಬರು ಇನ್ನೂ ಓಡಿಸುತ್ತಿದ್ದಾರೆ, ಈಗ ಅವರಲ್ಲೂ ಜನ ಸಲಹೆ ಕೇಳುತ್ತಾರಂತೆ.

ಆ ಸಂಬಂಧಿಯಲ್ಲಿ ನಾನು ತಪ್ಪೊಪ್ಪಿಕೊಂಡದ್ದು ಬಹಳ ತಡವಾಗಿ, ಒಂದು ಮದುವೆಯ ಊಟದ ಪಂಕ್ತಿಯಲ್ಲಿ. ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ಅದನ್ನು ಆಗಲೇ ಹೇಳಬಾರದಿತ್ತೇ ಭಾವ?" ಎಂದರು. ಈಗ ಅವರ ಬಳಿ ಇರುವುದು ಬೇರೊಂದು ಕಂಪನಿಯ ಕಾರು. ಕಳೆದ ಮೇ ತಿಂಗಳಲ್ಲಿ ಆ ಕಾರಿನ ಮ್ಯಾಟುಗಳನ್ನೂ ಹೊತ್ತು ತಂದು ನಮ್ಮ ಅಂಗಳದಲ್ಲಿ ನನ್ನವುಗಳ ಪಕ್ಕ ಹರವಿದರು.