ಸಂಗೀತ ಕಛೇರಿ ಹೊತ್ತಿಗೆ ಸರಿಯಾಗಿ ಶುರುವಾಗಬೇಕಾದರೆ: ಕಲಾವಿದರನ್ನು ಕರೆಸುವವರಿಗೆ

ಸಂಗೀತಗಾರರನ್ನು ನಂಬಿಕೊಂಡು ಕಾರ್ಯಕ್ರಮ ಇಟ್ಟುಕೊಳ್ಳಬೇಡಿ ಎಂಬ ಮಾತು ಉತ್ಸವ ಸಮಿತಿಗಳ ಸಭೆಯಲ್ಲಿ ಆಗಾಗ ಕೇಳಿಬರುತ್ತದೆ. ಅದೇ ಸಂಗೀತಗಾರರು ಆಕಾಶವಾಣಿಯ ನೇರಪ್ರಸಾರಕ್ಕೆ ಕೂತರೆ ಸ್ಟುಡಿಯೋದ ಕೆಂಪು ದೀಪ ಹತ್ತಿದ ಕೂಡಲೇ ಶುರುಮಾಡಿ, ಕೊಟ್ಟ ಅವಧಿಯೊಳಗೆ ಮುಗಿಸಿ ಏಳುತ್ತಾರೆ. ಕರಾವಳಿಯ ಯಕ್ಷಗಾನ ಮೇಳಗಳು ನವೆಂಬರ್ ಸುಮಾರಿಗೆ ತಿರುಗಾಟ ಹೊರಟರೆ ಮೇ ಕೊನೆಯ ಪತ್ತನಾಜೆ ಎಂಬ ತುಳುನಾಡಿನ ಆಚರಣೆಯವರೆಗೆ ಹೆಚ್ಚುಕಡಿಮೆ ದಿನಕ್ಕೊಂದು ಊರಿನಲ್ಲಿ ಆಟ ಆಡುತ್ತವೆ. ಕಟೀಲು ಮೇಳದ ಹರಕೆ ಆಟಕ್ಕೆ ವರ್ಷಗಟ್ಟಲೆ ಮುಂಚೆಯೇ ಹೆಸರು ಕೊಟ್ಟು ಕಾಯುವವರಿದ್ದಾರೆ. ಅಂಥ ಆಟದ ದಿನ ವೇಷಧಾರಿಗಳು ಚೌಕಿಯಲ್ಲಿ (ಬಣ್ಣ ಹಚ್ಚುವ ಜಾಗದಲ್ಲಿ) ಇದ್ದೇ ಇರುತ್ತಾರೆ.

ಅಲ್ಲಿ ತಪ್ಪದವರು ನಮ್ಮ ಬಡಾವಣೆಯ ರಾಮೋತ್ಸವಕ್ಕೆ ಬರುವಾಗ ಏಕೆ ತಪ್ಪುತ್ತಾರೆ? ಆಕಾಶವಾಣಿ ದಿನಾಂಕ, ಅವಧಿ, ಸಂಭಾವನೆ ಬರೆದ ಒಪ್ಪಂದ ಕಳಿಸುತ್ತದೆ. ಮೇಳಕ್ಕೆ ತಿರುಗಾಟದ ಪಟ್ಟಿ ಇರುತ್ತದೆ. ನಮ್ಮಲ್ಲಿ ನಡೆಯುವುದು ಮದುವೆಮನೆಯಲ್ಲಿ ಸಿಕ್ಕಾಗ ಆಡಿದ ಒಂದು ಮಾತು, ಆಮೇಲೆ ಕೊನೆಯ ವಾರ ಒಂದು ಫೋನು. ಬೇಜವಾಬ್ದಾರಿ ಎಂದು ಹೆಸರಿಡುವ ಘಟನೆಗಳಲ್ಲಿ ಹೆಚ್ಚಿನವು ಕರೆದ ರೀತಿಯಲ್ಲೇ ಹುಟ್ಟಿಕೊಂಡವು. ಕೆಲವು ನಿಜಕ್ಕೂ ಕಲಾವಿದರ ತಪ್ಪೇ ಆಗಿರುತ್ತವೆ, ಅವನ್ನು ಗುರುತಿಸುವ ಬಗೆಯೂ ಇದೆ. ಇಲ್ಲಿ ಕರ್ನಾಟಕ ಸಂಗೀತದ ಎರಡೂವರೆ ಗಂಟೆಯ ಕಛೇರಿಯನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇವೆ.

ಮೊದಲ ಫೋನಿನಲ್ಲೇ ಇತ್ಯರ್ಥವಾಗಬೇಕಾದ್ದು

ಗಾಯಕರು ಒಪ್ಪಿದ ಮರುಕ್ಷಣ ಕೇಳಬೇಕಾದ ಪ್ರಶ್ನೆ: ಪಕ್ಕವಾದ್ಯದವರನ್ನು ಅವರೇ ಕರೆತರುತ್ತಾರೋ, ನೀವು ಹೇಳಬೇಕೋ? ನೀವು ಅವರು ತರುತ್ತಾರೆ ಎಂದುಕೊಂಡು, ಅವರು ಸಭೆಯವರು, ಅಂದರೆ ಕಾರ್ಯಕ್ರಮ ನಡೆಸುವ ನೀವು, ಹೇಳಿರುತ್ತೀರಿ ಎಂದುಕೊಂಡು, ಕಡೆಗೆ ಪಿಟೀಲಿನವರಿಗೆ ಯಾರೂ ಹೇಳದೇ ಉಳಿಯುವುದು ತೀರಾ ಸಾಮಾನ್ಯ. ಯಾರೇ ಹೇಳಲಿ, ವೇದಿಕೆಯ ಮೇಲೆ ಕೂರುವ ಪ್ರತಿಯೊಬ್ಬರಿಗೂ ಉಳಿದವರ ಹೆಸರು ಮತ್ತು ಫೋನ್ ಸಂಖ್ಯೆ ಹೋಗಲಿ.

ನೀವೇ ಪಕ್ಕವಾದ್ಯ ಗೊತ್ತುಮಾಡುವುದಾದರೆ ಗಾಯಕರ ಶ್ರುತಿ ಕೇಳಿಕೊಳ್ಳಿ. ಗಂಡುದನಿಗೆ ಸಾಮಾನ್ಯವಾಗಿ ಒಂದರಿಂದ ಎರಡು ಕಟ್ಟೆ (ಆಧಾರ ಸ್ವರದ ಎತ್ತರದ ಅಳತೆ), ಹೆಣ್ಣುದನಿಗೆ ನಾಲ್ಕೂವರೆಯಿಂದ ಆರು. ಮೃದಂಗ ತಗ್ಗು ಶ್ರುತಿಗೆ ಬೇರೆ, ಹೆಚ್ಚು ಶ್ರುತಿಗೆ ಬೇರೆ. ಒಂದನ್ನೇ ಎಳೆದು ಇನ್ನೊಂದಕ್ಕೆ ಸೇರಿಸಲು ಹೋದರೆ ನಾದ ಕೆಡುತ್ತದೆ, ಇಲ್ಲವೇ ಬಾರು ಚರ್ಮಗಳಿಗೆ ಪೆಟ್ಟು. ಘಟದ ಶ್ರುತಿಯಂತೂ ಆವಿಗೆಯಲ್ಲಿ ಸುಟ್ಟಾಗಲೇ ಹೆಚ್ಚುಕಡಿಮೆ ನಿಗದಿಯಾಗಿರುತ್ತದೆ. ಐದೂವರೆ ಕಟ್ಟೆ ಎಂದು ಸಂಜೆ ಐದು ಗಂಟೆಗೆ ತಿಳಿದ ಮೃದಂಗದವರು ಬೇರೆ ವಾದ್ಯ ತರಲು ಮನೆಗೆ ಹೋಗಬೇಕಾಗುತ್ತದೆ. ಅದನ್ನು ಸಭೆಯವರು ತಡವೆಂದು ಬರೆದುಕೊಳ್ಳುತ್ತಾರೆ.

ಇನ್ನೊಂದು ಪ್ರಶ್ನೆ ಕೇಳಲು ಸಂಕೋಚವಾದರೂ ಕೇಳಿ: ಅವತ್ತು ಬೇರೆ ಕಛೇರಿ ಇದೆಯೇ? ರಾಮನವಮಿ, ಗಣೇಶೋತ್ಸವ, ನವರಾತ್ರಿ ದಿನಗಳಲ್ಲಿ ಬೇಡಿಕೆಯ ಪಕ್ಕವಾದ್ಯಗಾರರು ಒಂದೇ ಸಂಜೆ ಎರಡು ಕಡೆ ನುಡಿಸುವುದುಂಟು. 1939ರಲ್ಲಿ ಶುರುವಾದ, ಬೆಂಗಳೂರು ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದ ರಾಮನವಮಿ ಸಂಗೀತೋತ್ಸವ, ಮೈಸೂರಿನ ವಿ.ವಿ. ಮೊಹಲ್ಲಾ 8ನೇ ಕ್ರಾಸಿನ ಗಣಪತಿ ಉತ್ಸವದಂಥ ದೊಡ್ಡ ವೇದಿಕೆಗಳ ಜೊತೆಗೆ ನೂರಾರು ಸಣ್ಣ ದೇವಸ್ಥಾನಗಳೂ ಅದೇ ವಾರ ಅದೇ ಪಿಟೀಲು, ಅದೇ ಮೃದಂಗ ಕೇಳುತ್ತವೆ. ಜಯನಗರದಲ್ಲಿ ನಾಲ್ಕಕ್ಕೆ ಶುರುವಾದ ಕಛೇರಿ ಮುಗಿಸಿ ರಾಜಾಜಿನಗರಕ್ಕೆ ಆರೂವರೆಗೆ ತಲಪುವುದು ಬೆಂಗಳೂರಿನ ಸಂಚಾರದಲ್ಲಿ ಆಗದ ಮಾತು. ಬೇರೆ ಕಛೇರಿ ಇದ್ದರೆ ನಿಮ್ಮದನ್ನು ಏಳೂವರೆಗೆ ಇಡಿ, ಅಥವಾ ಬೇರೆಯವರನ್ನು ಕೇಳಿ. ಇಂಥ ದಿನಗಳಿಗೆ ಗಾಯಕರನ್ನು ಮೂರು ನಾಲ್ಕು ತಿಂಗಳು ಮುಂಚೆ ಗೊತ್ತುಮಾಡಿ, ಪಕ್ಕವಾದ್ಯದವರನ್ನು ಅದೇ ವಾರ. ಪಕ್ಕವಾದ್ಯವನ್ನು ಆಮೇಲೆ ನೋಡಿಕೊಂಡರಾಯಿತು ಎನ್ನುವುದು ಆ ಕಲಾವಿದರಿಗೆ ಅಗೌರವ, ನಿಮಗೂ ನಷ್ಟ.

ಬರೆದು ಕಳಿಸಿ

ಒಪ್ಪಿಗೆ ಸಿಕ್ಕ ದಿನವೇ ಒಂದು ವಾಟ್ಸಾಪ್ ಸಂದೇಶ ಸಾಕು, ವಕೀಲರ ಭಾಷೆ ಬೇಡ. ಅದರಲ್ಲಿ ಇವಿಷ್ಟು ಇರಲಿ:

- ದಿನಾಂಕ, ಜೊತೆಗೆ ವಾರ. ಬರೀ ತಿಥಿ ಅಥವಾ ಹಬ್ಬದ ಹೆಸರು ಬೇಡ. ಏಕಾದಶಿ ಸ್ಮಾರ್ತರಿಗೊಂದು ದಿನ, ವೈಷ್ಣವರಿಗೆ ಇನ್ನೊಂದು ದಿನ ಬರುವುದಿದೆ. ಕೃಷ್ಣಜಯಂತಿ ಚಾಂದ್ರ, ಸೌರ ಪಂಚಾಂಗಗಳ ನಡುವೆ ಕೆಲವು ವರ್ಷ ಒಂದು ತಿಂಗಳಷ್ಟೇ ದೂರವಾಗುತ್ತದೆ.
- ಮೂರು ಸಮಯ, ಬೇರೆ ಬೇರೆಯಾಗಿ: ಕಲಾವಿದರು ಸ್ಥಳದಲ್ಲಿರಬೇಕಾದ ಹೊತ್ತು, ಮೈಕ್ ಪರೀಕ್ಷೆಯ ಹೊತ್ತು, ಹಾಡು ಶುರುವಾಗುವ ಹೊತ್ತು.
- ಮಂಗಳವೂ ಸೇರಿ ಒಟ್ಟು ಅವಧಿ.
- ಸ್ಥಳದ ಮ್ಯಾಪ್ ಕೊಂಡಿ, ಯಾವ ಗೇಟಿನಿಂದ ವಾಹನ ಒಳಗೆ ಬರಬೇಕು, ಅಲ್ಲಿ ನಿಂತಿರುವವರ ಫೋನ್ ಸಂಖ್ಯೆ.
- ಪಕ್ಕವಾದ್ಯದವರ ಹೆಸರು, ಶ್ರುತಿ.
- ಪ್ರತಿಯೊಬ್ಬರ ಸಂಭಾವನೆ, ಕೊಡುವ ದಿನ, ಪ್ರಯಾಣ ಮತ್ತು ಊಟದ ಏರ್ಪಾಡು. ತೆರಿಗೆ ಹಿಡಿದುಕೊಳ್ಳುವುದಿದ್ದರೆ ಅದೂ ಈಗಲೇ. ಕವರು ಬಿಚ್ಚಿದ ಮೇಲೆ ಗೊತ್ತಾಗುವುದು ಸರಿಯಲ್ಲ.

ಬರೆದು ಕಳಿಸಿದ ಮೇಲೂ ಉಳಿಯುವ ತೊಡಕು ದಾಕ್ಷಿಣ್ಯ. ಹಿರಿಯರೊಬ್ಬರು ಕೇಳಿದಾಗ ಆಗುವುದಿಲ್ಲ ಎನ್ನಲು ನಮ್ಮ ಕಲಾವಿದರಿಗೆ, ಅದರಲ್ಲೂ ಕಿರಿಯರಿಗೆ, ಬಾಯಿ ಬರುವುದಿಲ್ಲ. “ನೋಡೋಣ ಸರ್”, “ಖಂಡಿತ ಪ್ರಯತ್ನ ಮಾಡ್ತೀನಿ” ಎಂಬ ಉತ್ತರ ಬಂದರೆ ಒಪ್ಪಿಗೆ ಸಿಕ್ಕಿಲ್ಲ ಎಂದೇ ತಿಳಿಯಿರಿ. “ಆಗದಿದ್ದರೆ ಈಗಲೇ ಹೇಳಿಬಿಡಿ, ನಮಗೇನೂ ಬೇಸರವಿಲ್ಲ, ಮುಂದಿನ ವರ್ಷ ಕರೆಯುತ್ತೇವೆ” ಎಂದು ನೀವೇ ಬಾಗಿಲು ತೆರೆದಿಡಿ. ಇಲ್ಲ ಎಂಬ ಉತ್ತರ ಮೂರು ತಿಂಗಳು ಮುಂಚೆ ಸಿಕ್ಕರೆ ಅದರಿಂದ ನಿಮಗೆ ಉಪಕಾರವೇ.

ನೆನಪಿಸುವ ಕರೆಗಳು ಮೂರು: ತಿಂಗಳ ಮುಂಚೆ, ವಾರದ ಮುಂಚೆ, ಹಿಂದಿನ ಸಂಜೆ. “ಬರ್ತೀರಲ್ಲ?” ಎಂದು ಕೇಳಬೇಡಿ, ಅದಕ್ಕೆ ಎಲ್ಲರೂ ಹೌದು ಎನ್ನುತ್ತಾರೆ. “ಅವತ್ತು ಎಲ್ಲಿಂದ ಹೊರಡುತ್ತೀರಿ, ಎಷ್ಟು ಹೊತ್ತಿಗೆ, ಗಾಡಿ ಕಳಿಸಬೇಕೇ?” ಎಂದು ಕೇಳಿ. ಇದಕ್ಕೆ ಉತ್ತರ ಕೊಡಲು ಡೈರಿ ತೆರೆಯಲೇಬೇಕು. ಎರಡು ಕಡೆ ಮಾತು ಕೊಟ್ಟಿದ್ದರೆ ಆಗಲೇ ಹೊರಬೀಳುತ್ತದೆ.

ಅವತ್ತಿನ ಲೆಕ್ಕ

ಆರು ಗಂಟೆಗೆ ಹಾಡು ಎಂದಾದರೆ ಹಿಂದಕ್ಕೆ ಎಣಿಸಿ. ಮೂರೂವರೆಗೆ ಧ್ವನಿವರ್ಧಕದವರು, ನಾಲ್ಕೂವರೆಗೆ ಮೈಕುಗಳೆಲ್ಲ ಜೋಡಿಸಿ ಸಿದ್ಧ, ಐದಕ್ಕೆ ಕಲಾವಿದರು, ಐದೂಕಾಲಿನಿಂದ ಐದೂಮುಕ್ಕಾಲರವರೆಗೆ ಮೈಕ್ ಪರೀಕ್ಷೆ. ಗಾಯನಕ್ಕೆ ಒಂದು, ಪಿಟೀಲಿಗೆ ಒಂದು, ಮೃದಂಗದ ಎರಡೂ ಬದಿಗೆ ಒಂದೊಂದು, ಘಟಕ್ಕೆ ಒಂದು, ತಂಬೂರಿಗೆ ಒಂದು, ಹೀಗೆ ಆರು ಮೈಕು. ಕಲಾವಿದರ ಕಡೆಗೆ ತಿರುಗಿದ ಮಾನಿಟರ್ ಸ್ಪೀಕರ್ ಕನಿಷ್ಠ ಎರಡು. ಮಾನಿಟರ್ ಇಲ್ಲದಿದ್ದರೆ ಗಾಯಕರಿಗೆ ತಂಬೂರಿಯೇ ಕೇಳಿಸುವುದಿಲ್ಲ, ಮೊದಲ ಎರಡು ಕೃತಿ “ಸ್ವಲ್ಪ ಜಾಸ್ತಿ ಮಾಡಿ” ಎಂಬ ಕೈಸನ್ನೆಯಲ್ಲೇ ಕಳೆದುಹೋಗುತ್ತವೆ.

ಐದು ಜನರಿಗೆ ಹನ್ನೆರಡು ಅಡಿ ಅಗಲ, ಹತ್ತು ಅಡಿ ಆಳದ, ಅಲುಗಾಡದ ವೇದಿಕೆ ಬೇಕು. ನೆತ್ತಿಯ ಮೇಲೆ ಫ್ಯಾನ್ ಬೇಡ, ಗಾಳಿ ಮೈಕಿಗೆ ಬಡಿಯುತ್ತದೆ. ಹವಾನಿಯಂತ್ರಣ ಇದ್ದರೆ ಕಲಾವಿದರು ಬರುವ ಮುಂಚೆಯೇ ಹಾಕಿಡಿ. ಶ್ರುತಿ ಮಾಡಿಕೊಂಡ ಮೇಲೆ ಹಾಕಿದರೆ ತಂತಿಯೂ ಚರ್ಮವೂ ಮತ್ತೆ ಜಾರುತ್ತವೆ. ಮೃದಂಗದ ಎಡಕ್ಕೆ ರವೆ ಕಲಸಿ ಹಚ್ಚಲು ನೀರು, ಒಂದು ಬಟ್ಟಲು, ಕೈ ಒರೆಸಲು ಬಟ್ಟೆ ಇಡಿ. ಇವನ್ನು ಹುಡುಕಿಕೊಂಡು ವಾದಕರು ಅಡುಗೆಮನೆಗೆ ಹೋಗುವಂತಾಗಬಾರದು.

ಇನ್ನು ತಡವಾಗುವುದಕ್ಕೆ ಅತಿ ದೊಡ್ಡ ಕಾರಣ. ಆಮಂತ್ರಣದಲ್ಲಿ ಆರು ಎಂದು ಹಾಕಿ, ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗುವುದು, ದಾನಿಗಳ ಸನ್ಮಾನ, ಅಧ್ಯಕ್ಷರ ನುಡಿ ಎಲ್ಲ ಮುಗಿದು ಕಲಾವಿದರಿಗೆ ಮೈಕು ಸಿಗುವಾಗ ಏಳಾಗಿರುತ್ತದೆ. ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ಕೇಳುಗರು ಒಂಬತ್ತಕ್ಕೇ ಏಳತೊಡಗುತ್ತಾರೆ. ಕೊನೆಗೆ ಕತ್ತರಿ ಬೀಳುವುದು ರಾಗಾಲಾಪನೆಗೆ, ತನಿ ಆವರ್ತನಕ್ಕೆ (ಮೃದಂಗ, ಘಟದವರು ಮಾತ್ರ ನುಡಿಸುವ ಭಾಗ). ಹದಿನೈದು ನಿಮಿಷದ ತನಿಗೆ ಸಿದ್ಧವಾಗಿ ಬಂದವರಿಗೆ ಐದು ನಿಮಿಷದಲ್ಲಿ ಮುಗಿಸಿ ಎಂದು ಚೀಟಿ ಕಳಿಸುವುದು ನೋವಿನ ಸಂಗತಿ. ಹೀಗೆ ಒಮ್ಮೆ ಆದಮೇಲೆ, ಈ ಸಭೆಯ ಆರು ಗಂಟೆ ಎಂದರೆ ಏಳು ಎಂದು ಕಲಾವಿದರು ಕಲಿತುಕೊಳ್ಳುತ್ತಾರೆ, ಮುಂದಿನ ವರ್ಷ ಆರೂಮುಕ್ಕಾಲಿಗೆ ಬರುತ್ತಾರೆ. ಭಾಷಣ ಇದ್ದೇ ಇರಬೇಕಾದರೆ ಹತ್ತು ನಿಮಿಷದ ಮಿತಿ ಹಾಕಿ, ಅದನ್ನೂ ಮೇಲಿನ ಲೆಕ್ಕಕ್ಕೆ ಸೇರಿಸಿ. ತನಿಗೆ ಮುಂಚೆ ಸನ್ಮಾನ ತುರುಕಬೇಡಿ.

ಸಂಭಾವನೆಯನ್ನು ಪ್ರತಿಯೊಬ್ಬರಿಗೂ ಅವರ ಕೈಗೇ, ಹೊರಡುವ ಮುಂಚೆ ಕೊಡಿ, ಕವರಾದರೂ ಸರಿ ಯುಪಿಐ ಆದರೂ ಸರಿ. ಎಲ್ಲರದನ್ನೂ ಗಾಯಕರ ಕೈಗಿತ್ತು ಹಂಚಿಕೊಳ್ಳಿ ಎನ್ನುವುದು ಬೇಡ. ತಿಂಗಳುಗಟ್ಟಲೆ ಬಾಕಿ ಉಳಿಸಿಕೊಳ್ಳುವ ಸಭೆ ಕಲಾವಿದರ ಡೈರಿಯಲ್ಲಿ ಕೆಳಗಿಳಿಯುತ್ತದೆ. ಎರಡು ಕರೆ ಒಂದೇ ದಿನಕ್ಕೆ ಬಂದಾಗ ಯಾವುದು ಬಿದ್ದುಹೋಗುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಸ್ಮರಣ ಸಂಚಿಕೆಗೆ ಬರೆಯುವವರು, ಪೋಸ್ಟರ್ ಮಾಡಿಕೊಡುವವರ ವಿಷಯವೂ ಇಷ್ಟೇ. “ಒಂದು ಲೇಖನ ಕೊಡಿ” ಎಂದರೆ ಬರುವುದಿಲ್ಲ. ವಿಷಯ, 600 ಪದ, ಮುದ್ರಣಕ್ಕೆ ಮೂರು ವಾರ ಮುಂಚಿನ ಒಂದು ದಿನಾಂಕ ಹೇಳಿದರೆ ಬರುತ್ತದೆ. ಸುಳ್ಳು ಗಡುವು ಕೊಡಬೇಡಿ, ಒಮ್ಮೆ ಗೊತ್ತಾದರೆ ಮುಂದಿನ ನಿಜವಾದ ಗಡುವನ್ನೂ ಅವರು ನಂಬುವುದಿಲ್ಲ. ಪೋಸ್ಟರ್ ತಡವಾಗುವುದು ಬಹುಪಾಲು ಅತಿಥಿಗಳ ಹೆಸರು ನಾಲ್ಕು ಸಲ ಬದಲಾಗುವುದರಿಂದ. ಹೆಸರು, ಪದವಿ, ಲೋಗೋ ಎಲ್ಲ ಅಂತಿಮವಾದ ಮೇಲೆ ಒಂದೇ ಸಲ ಕೊಡಿ.

ನಿಜಕ್ಕೂ ಕೈಕೊಡುವವರು

ಇಂಥವರಿದ್ದಾರೆ. ತಿಳಿಯಲು ಮೃದಂಗದವರನ್ನು, ಧ್ವನಿವರ್ಧಕದವರನ್ನು ಕೇಳಿ. ಪ್ರತಿ ಕಛೇರಿಯಲ್ಲೂ ಕಾದು ಕೂರುವವರು ಅವರೇ. ಬಗೆಗಳನ್ನು ಬೇರ್ಪಡಿಸಿ ನೋಡಿ. ಇಪ್ಪತ್ತು ನಿಮಿಷ ತಡವಾಗಿ ಬಂದು ಪೂರ್ತಿ ಕಛೇರಿ ಕೊಡುವವರಿಗೆ ಮನೆ ಬಾಗಿಲಿಗೆ ಗಾಡಿ, ಗಾಡಿಯಲ್ಲಿ ನಿಮ್ಮ ಕಡೆಯ ಒಬ್ಬರು ಸಾಕು. ಹೇಳದೆ ಕೇಳದೆ ಬದಲಿಗೆ ಶಿಷ್ಯರನ್ನು ಕಳಿಸುವವರಿಗೆ ಹಾಗೆ ಕಳಿಸುವಂತಿಲ್ಲ ಎಂಬ ಶರತ್ತನ್ನು ಮೊದಲೇ ಬರೆದು ಕಳಿಸಿ. ದೊಡ್ಡ ವೇದಿಕೆ ಸಿಕ್ಕಿತೆಂದು ಹಿಂದಿನ ದಿನ ನಿಮ್ಮದನ್ನು ಬಿಡುವವರನ್ನು ಮತ್ತೆ ಕರೆಯಬೇಡಿ, ಎಷ್ಟೇ ಚೆನ್ನಾಗಿ ಹಾಡಲಿ. ಗಂಟಲು ಕಟ್ಟಿ ಬರಲಾಗದವರನ್ನು ಮಾತ್ರ ಈ ಪಟ್ಟಿಗೆ ಸೇರಿಸುವುದು ಅನ್ಯಾಯ. ಊದಿಕೊಂಡ ಗಂಟಲಿನಲ್ಲಿ ಎರಡೂವರೆ ಗಂಟೆ ಹಾಡಿಸಿದರೆ ದನಿ ತಿಂಗಳುಗಟ್ಟಲೆ ಹಾಳಾಗಬಹುದು.

ಇದಕ್ಕಾಗಿಯೇ ಅರ್ಧ ಗಂಟೆಯೊಳಗೆ ತಲಪಬಲ್ಲ ಒಬ್ಬ ಯುವ ಗಾಯಕಿ ಅಥವಾ ಗಾಯಕ, ಒಬ್ಬ ಪಿಟೀಲು ವಾದಕರಿಗೆ ಆ ಸಂಜೆ ಬಿಡುವಿಟ್ಟುಕೊಳ್ಳಲು ಹೇಳಿ. ಕರೆಯದಿದ್ದರೂ ನಿಗದಿಯಾದ ಸಂಭಾವನೆಯ ಮೂರರಲ್ಲೊಂದು ಪಾಲು ಕೊಡಿ, ಅವರ ಸಂಜೆಗೂ ಬೆಲೆಯಿದೆ. ಐದೂಕಾಲಾದರೂ ಪಿಟೀಲಿನವರ ಸುಳಿವಿಲ್ಲದಿದ್ದರೆ ಒಂದು ಫೋನು ಮಾಡಿ. ಎಲ್ಲಿದ್ದಾರೆ ಎಂದು ಸ್ಪಷ್ಟ ಉತ್ತರ ಸಿಗದಿದ್ದರೆ ಐದೂವರೆಗೆ ಬದಲಿಯವರನ್ನು ಕರೆದುಬಿಡಿ, ಗಾಯಕರಿಗೂ ಆಗಲೇ ತಿಳಿಸಿ. ಮೊದಲಿನವರು ಆಮೇಲೆ ಬಂದರೆ ಯಾರು ಕೂರಬೇಕು ಎಂಬ ತೀರ್ಮಾನ ಗಾಯಕರದು. ಬದಲಿಗೆ ಓಡಿಬಂದವರನ್ನು ಏಳಿಸಿ ಕಳಿಸುವಂತಾದರೆ ಅವರಿಗೆ ಪೂರ್ತಿ ಸಂಭಾವನೆ ಕೊಡಿ.